ಮಗಳಿಗೊಂದು ಪತ್ರ: ಆಚೆ ಮನೆ ಆಂಟಿ ವಿಷಯ

ಮಗಾ,

ಆಂಟಿಗೆ ಫೋನ್ ಮಾಡಿ ಎಂತ ಮಾತಾಡುದು ಅಂತ ಗೊತ್ತಾಗುದಿಲ್ಲ ಅಂದ್ಯಲ್ಲ, ಅದಕ್ಕೇ ಬರೀತಾ ಇದ್ದೇನೆ, ಬಾಯಲ್ಲಿ ಹೇಳಿದ್ರೆ ನೀನು ಅರ್ಧದಲ್ಲೇ "ಮೀಟಿಂಗ್ ಉಂಟಮ್ಮ" ಅಂತಿ.

ಅಂಕಲ್ ತೀರಿಹೋದ ಸುದ್ದಿ ಗೊತ್ತಾದದ್ದೇ ತಡ, ಅವರ ವಾರ್ಡಿನ ಗುರ್ಕಾರ್ರು, ಅಂದ್ರೆ ಚರ್ಚಿಗೆ ಸೇರಿದ ಆ ಭಾಗದ ಮನೆಗಳ ಮುಖ್ಯಸ್ಥರು, ಬಂದಾಯ್ತು. ಕಲ್ಯಾಣಪುರದ ಮಿಲಾಗ್ರಿಸ್ ಚರ್ಚ್ ಈಗ ಕೆಥೆಡ್ರಲ್, ಅಂದ್ರೆ ಬಿಷಪ್ಪರ ಮುಖ್ಯ ಚರ್ಚ್, 2012ರಲ್ಲಿ ಉಡುಪಿಗೇ ಬೇರೆ ಬಿಷಪ್ಪರ ಧರ್ಮಪ್ರಾಂತ್ಯ ಆಯ್ತಲ್ಲ ಆವಾಗಿಂದ, ಆದ್ರೆ ಚರ್ಚ್ ಎಷ್ಟು ದೊಡ್ಡದಾದ್ರೂ ಸಾವಿನ ಮನೆಗೆ ಮೊದಲು ಓಡಿ ಬರುದು ಅಕ್ಕಪಕ್ಕದ ಆ ವಾರ್ಡಿನವ್ರೇ. ಫಾದರ್ ಹತ್ರ ಪೂಜೆಯ ಟೈಮ್ ಕೇಳುದು, ಗುಂಡಿ ತೆಗೆಸುದು, ಮಗ ದುಬೈಯಿಂದ ಬರುವ ತನಕ ಮೋರ್ಚರಿ ವ್ಯವಸ್ಥೆ, ಎಲ್ಲ ಅವರೇ ಹಂಚಿಕೊಂಡ್ರು. ಆಂಟಿ ಹತ್ರ ಒಬ್ರೂ "ಎಂತಾದ್ರೂ ಬೇಕಾದ್ರೆ ಹೇಳಿ" ಅನ್ಲಿಲ್ಲ ನೋಡು. ನಾವೆಲ್ಲ ಅದನ್ನೇ ಹೇಳುದು, ಅವರು ಪಾಪ "ಏನೂ ಬೇಡ" ಅಂತಾರೆ, ಅಲ್ಲಿಗೆ ಮುಗೀತು.

ಆ ಮನೇಲಿ ಒಲೆ ಹಚ್ಚಿಲ್ಲ. ಕುಚ್ಚಲಕ್ಕಿ ಗಂಜಿ, ಚಟ್ನಿ, ಉಪ್ಪಿನಕಾಯಿ ಒಂದೊಂದು ಮನೆಯಿಂದ ಬರ್ತಾ ಇತ್ತು, ಪಾತ್ರೆ ಅಡಿಯಲ್ಲಿ ನೈಲ್ ಪಾಲಿಶಲ್ಲಿ ಹೆಸ್ರು ಬರ್ದಿತ್ತು, ಯಾರದ್ದು ಯಾರಿಗೆ ಅಂತ ಆಂಟಿ ತಲೆ ಕೆಡಿಸ್ಕೊಳ್ಬಾರ್ದಲ್ಲ. ಒಬ್ರು ಬಾಯಮ್ಮ (ಕ್ರಿಶ್ಚಿಯನ್ ಹೆಂಗಸು) ನಮ್ಮ ಆಂಟಿ ಕೈಗೆ ಬಟ್ಟಲು ಕೊಟ್ಟು, ಊಟ ಮಾಡಿ ಅಂತ ಸಹ ಹೇಳ್ದೆ ಪಕ್ಕದಲ್ಲೇ ಕೂತ್ರು, ಖಾಲಿ ಆಗುವ ತನಕ ಏಳ್ಲೇ ಇಲ್ಲ.

ಸಂಜೆ ಸಂಜೆ ರೋಸರಿ, ಅಂದ್ರೆ ಜಪಮಾಲೆ ಪ್ರಾರ್ಥನೆ. ನಾನೂ ಹೋಗಿ ಕೂತಿದ್ದೆ, ಕೊಂಕಣಿ ಅಷ್ಟಕ್ಕಷ್ಟೇ ಆದ್ರೂ ಒಂದು ಗೊತ್ತಾಯ್ತು, ಒಬ್ರು ಅರ್ಧ ಹೇಳಿದ್ರೆ ಉಳಿದವ್ರು ಮಿಕ್ಕ ಅರ್ಧ ಹೇಳ್ತಾರೆ, ಆಂಟಿಗೆ ಸ್ವರವೇ ಬಾರದಿದ್ದ ದಿನವೂ ಪ್ರಾರ್ಥನೆ ನಿಲ್ಲುದಿಲ್ಲ. ಎಲ್ಲ ಚಂದ ಅಂತ ಅಲ್ಲ ಮಾರಾಯ್ತಿ, ಒಬ್ರಂತೂ "ದೇವರ ಚಿತ್ತ, ದೇವರ ಚಿತ್ತ" ಅಂತ ಹೇಳಿದ್ದೇ ಹೇಳಿದ್ದು, ನಂಗೆ ಎದ್ದು ಹೋಗುವಷ್ಟು ಸಿಟ್ಟು ಬಂತು.

ದುಡ್ಡಿನ ವಿಷಯ ಯಾರೂ ಬಾಯಿ ಬಿಡುದಿಲ್ಲ. ವಿನ್ಸೆಂಟ್ ಡಿ ಪೌಲ್ ಸಭೆ ಅಂತ ಉಂಟು, 1833ರಲ್ಲಿ ಪ್ಯಾರಿಸಿನಲ್ಲಿ ಕಾಲೇಜು ಹುಡುಗ್ರು ಶುರು ಮಾಡಿದ್ದಂತೆ, ಅವರು ಇಬ್ಬಿಬ್ರೇ ಮನೆಗೆ ಹೋಗಿ ಕಷ್ಟ ಕೇಳಿ ಬರ್ತಾರೆ, ಯಾರಿಗೆ ಎಷ್ಟು ಕೊಟ್ರು ಅಂತ ಹೊರಗೆ ಗೊತ್ತಾಗುದಿಲ್ಲ.

ನಂಗೆ ಭಾರೀ ಇಷ್ಟ ಆದದ್ದು ಚರ್ಚಿನವರ ದಿನಗಳ ಲೆಕ್ಕ. ಏಳನೇ ದಿನದ ಪೂಜೆ, ತಿಂಗಳಿನದ್ದು, ವರ್ಷದ್ದು, ನಡುವೆ ನವೆಂಬರ್ 2, ಸತ್ತವರ ದಿನ, ಆವತ್ತು ಸಿಮೆಟ್ರಿಯಲ್ಲಿ ಎಲ್ಲ ಗೋರಿಗೂ ಹೂ, ಮೇಣದಬತ್ತಿ ಇಡ್ತಾರೆ, ಫಾದರ್ ಬಂದು ಆಶೀರ್ವಾದ ಮಾಡ್ತಾರೆ. ಜನ ಮರೀಲಿಕ್ಕೆ ಶುರು ಮಾಡುವಾಗ್ಲೇ ಒಂದು ದಿನ ಬಂದು ನೆನಪು ಮಾಡ್ತದೆ. ಈಗ ತಿಂಗಳ ಪೂಜೆ ಕಳೀತು, ಮಗ ವಾಪಸ್ ಹೋದ, ಮನೆ ಖಾಲಿ. ನಿನ್ನ ಫೋನ್ ಬೇಕಾದ್ದು ಈಗ್ಲೇ. ಹೇಗಿದ್ದೀರಿ ಅಂತ ಕೇಳ್ಬೇಡ, ಅಂಕಲ್ ನಿಂಗೆ ಸ್ಕೂಟರ್ ಕಲಿಸಿದ್ದು, ಗದ್ದೆಗೆ ಬಿದ್ದದ್ದು, ಆ ಮಾತು ತೆಗಿ, ಅವರ ಹೆಸ್ರು ಯಾರೂ ಎತ್ತುದಿಲ್ಲ ಅಂತ ಆಂಟಿಗೆ ಬೇಜಾರುಂಟು.

ನವೆಂಬರ್ 2ಕ್ಕೆ ನಾನು ಆಂಟಿ ಒಟ್ಟಿಗೆ ಹೋಗ್ತೇನೆ. ನೀನೂ ಬರುದಾದ್ರೆ ಬಸ್ ಟಿಕೆಟ್ ಈಗ್ಲೇ ಮಾಡು, ಆಮೇಲೆ ರೇಟ್ ಡಬಲ್ ಆಗ್ತದೆ.

ಅಮ್ಮ