ಅಪ್ಪನಿಗೆ, ಟೂಸಾನ್‌ನಿಂದ

ಟೂಸಾನ್, ಅರಿಝೋನಾ
ಭಾನುವಾರ

ಅಪ್ಪನಿಗೆ ನಮಸ್ಕಾರ.

ನಾನು ಕ್ಷೇಮ. ನಿಮ್ಮ ಕಾಗದ ಮೊನ್ನೆ ಬಂತು. ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎರಡು ಪುಟ ನನ್ನ ಕೆಲಸದ ಬಗ್ಗೆ ಕೇಳಿದ್ದೀರಿ. ಕಾಲಿನ ಗಾಯದ ಬಗ್ಗೆ ಮಾತ್ರ ಕೊನೆಯಲ್ಲಿ ಒಂದೇ ಸಾಲು. "ಸಣ್ಣದು, ನೋವಿಲ್ಲ" ಅಂತ. ಶೋಭಕ್ಕ ಹೇಳಿದ್ದು ಬೇರೆ. ಮೂರು ವಾರವಾದರೂ ಮಾಯ್ದಿಲ್ಲವಂತೆ. ಶುಗರ್ 280 ಇದೆಯಂತೆ. ಆದರೂ ಬರಿಗಾಲಲ್ಲಿ ತೋಟಕ್ಕೆ ಹೋಗುತ್ತೀರಂತೆ.

ಮೊದಲು ನಿಮ್ಮ ಪ್ರಶ್ನೆ. ವಿಶ್ವ ಹಿಗ್ಗುತ್ತದೆ ಅಂದರೆ ಏನು ಅಂತ ಕೇಳಿದ್ದೀರಿ. ಸರ್ವೆಯಲ್ಲಿ ಇದ್ದವರಿಗೆ ಇದು ಸುಲಭ. ಊರಿನ ನಕ್ಷೆಯಲ್ಲಿ ಬಾಂದುಕಲ್ಲುಗಳು ಇದ್ದಲ್ಲೇ ಇರುತ್ತವೆ, ಅಲ್ವಾ? ಮೂಲೆಯಲ್ಲಿ ಬರೆದ ಸ್ಕೇಲ್ ಮಾತ್ರ ಬದಲಾಯಿತು ಅನ್ನಿ. ಇಂಚಿಗೆ ಐದು ಚೈನು (ನೆಲ ಅಳೆಯುವ ಸರಪಳಿ) ಇದ್ದದ್ದು ಹತ್ತಾಯಿತು. ನಕ್ಷೆ ಅದೇ, ಕಲ್ಲುಗಳ ನಡುವಿನ ದೂರ ಎರಡರಷ್ಟು. ದೂರದ ಗೆಲಾಕ್ಸಿಗಳೂ ಹಾಗೆಯೇ. ಆ ಸ್ಕೇಲಿಗೇ ಸ್ಕೇಲ್ ಫ್ಯಾಕ್ಟರ್ ಅನ್ನುತ್ತೇವೆ. ಇವತ್ತಿನದು 1 ಅಂತ ಲೆಕ್ಕ. ಸುಮಾರು 800 ಕೋಟಿ ವರ್ಷದ ಹಿಂದೆ ಅದು ಅರ್ಧ ಇತ್ತು. ಆಗ ಹೊರಟ ಬೆಳಕಿನ ಅಲೆಯೂ ದಾರಿಯಲ್ಲಿ ಹಿಗ್ಗುತ್ತಾ ಬಂದು, ನಮ್ಮನ್ನು ಮುಟ್ಟುವಾಗ ಎರಡರಷ್ಟು ಉದ್ದವಾಗಿರುತ್ತದೆ. ಆ ಬೆಳಕೇ ನಮ್ಮ ಚೈನು.

ನಮ್ಮ ತೋಟ ಹಿಗ್ಗುವುದಿಲ್ಲ. ಭೂಮಿ, ಸೂರ್ಯ, ನಮ್ಮ ಇಡೀ ಗೆಲಾಕ್ಸಿಯನ್ನು ಗುರುತ್ವ ಬಿಗಿಯಾಗಿ ಹಿಡಿದಿದೆ. ಪಕ್ಕದ ಆಂಡ್ರೊಮಿಡಾ ಗೆಲಾಕ್ಸಿ ನಮ್ಮ ಕಡೆಗೇ ಬರುತ್ತಿದೆ. ಹಿಗ್ಗುವುದೆಲ್ಲ ಅದಕ್ಕಿಂತ ತುಂಬಾ ದೂರದ ಲೆಕ್ಕದಲ್ಲಿ. ಹಿಗ್ಗುವ ವೇಗ ನಿಧಾನವಾಗುತ್ತಿರಬೇಕು ಅಂತ ಎಲ್ಲರೂ ನಂಬಿದ್ದರು. 1998ರಲ್ಲಿ ನೋಡಿದರೆ, ಜಾಸ್ತಿಯಾಗುತ್ತಿದೆ! ಯಾಕೆ ಅಂತ ಹುಡುಕುವ ಕೆಲಸದಲ್ಲಿ ನಾನೂ ಇದ್ದೇನೆ.

ಇಲ್ಲಿನ ಕಿಟ್ ಪೀಕ್ ಬೆಟ್ಟವನ್ನು ನೀವು ನೋಡಬೇಕು. 4 ಮೀಟರಿನ ದೂರದರ್ಶಕಕ್ಕೆ 5000 ಪುಟ್ಟ ರೋಬೋಟ್‌ಗಳನ್ನು ಕೂರಿಸಿದ್ದಾರೆ. ಒಂದೊಂದೂ ಕೂದಲಿನಂಥ ಒಂದು ಗಾಜಿನ ಎಳೆಯನ್ನು ಒಂದೊಂದು ಗೆಲಾಕ್ಸಿಯ ಕಡೆ ತಿರುಗಿಸುತ್ತದೆ. ರಾತ್ರಿ ಅಲ್ಲಿ ಹೆಡ್‌ಲೈಟ್ ಹಾಕುವಂತಿಲ್ಲ. ಆಕಾಶ ಕಪ್ಪಗಿರಲಿ ಅಂತ ಊರಿನ ಬೀದಿದೀಪಗಳಿಗೂ ಕಾನೂನು ಮಾಡಿದ್ದಾರೆ. ಇಷ್ಟು ದೊಡ್ಡ ಊರು ನಕ್ಷತ್ರಕ್ಕೋಸ್ಕರ ಬೆಳಕು ತಗ್ಗಿಸಿಕೊಂಡಿದೆ, ನನಗೆ ಅದು ತುಂಬಾ ಹಿಡಿಸಿತು.

ಈಗ ಕಾಲಿನ ಮಾತು. ನೋವಿಲ್ಲ ಅಂತ ಬರೆದಿದ್ದೀರಲ್ಲ, ನನಗೆ ಭಯ ಆಗಿದ್ದೇ ಅದಕ್ಕೆ. ಶುಗರ್ ಇದ್ದವರಿಗೆ ಕಾಲಿನ ನರ ಮರಗಟ್ಟಿದರೆ ನೋವೇ ಗೊತ್ತಾಗುವುದಿಲ್ಲ. ಸೋಮವಾರವೇ ಶೋಭಕ್ಕನ ಜೊತೆ ಶಿವಮೊಗ್ಗಕ್ಕೆ ಹೋಗಿ ತೋರಿಸಿ. ದುಡ್ಡು ಅಕ್ಕನ ಖಾತೆಗೆ ಹಾಕಿದ್ದೇನೆ. ಬೇಕಾದರೆ ಇನ್ನೂ ಹಾಕುತ್ತೇನೆ, ನನಗೆ ಏನೂ ಕಷ್ಟವಿಲ್ಲ. ಅಡಿಕೆ ಕೊಯ್ಲಿಗೆ ಮಂಜಣ್ಣ ಇದ್ದಾನೆ. ನೀವು ಚಪ್ಪಲಿ ಇಲ್ಲದೆ ಅಂಗಳಕ್ಕೂ ಇಳಿಯಬೇಡಿ. ಪ್ರತಿದಿನ ಅಂಗಾಲು ನೋಡಲು ಅಮ್ಮನಿಗೆ ಹೇಳಿ.

ನನ್ನ ಚಿಂತೆ ಬೇಡವೇ ಬೇಡ. ಊಟ ಚೆನ್ನಾಗಿದೆ, ನಿದ್ದೆ ಚೆನ್ನಾಗಿದೆ, ಚಳಿ ಇಲ್ಲ. ಡಿಸೆಂಬರಿಗೆ ಟಿಕೆಟ್ ಆಗಿದೆ. ಡಾಕ್ಟರು ಬೇಗ ಬಾ ಅಂದರೆ ಮರುದಿನವೇ ಹೊರಡುತ್ತೇನೆ.

ಬೆಟ್ಟಕ್ಕೆ ಹೋಗುವ ಗಾಡಿ ಬಂತು. ಗಾಯದ ಫೋಟೊ ಅಕ್ಕನ ಕೈಲಿ ಕಳಿಸಿ, ಮರೆಯಬೇಡಿ.

ನಿಮ್ಮ
ಸುಮಾ