ಬರೆಯುವ ಶಿಕ್ಷಕ ಮಿತ್ರರ ಗಮನಕ್ಕೆ

ಆತ್ಮೀಯರೇ,

ಮಕ್ಕಳಿಗಾಗಿ ಬರೆಯಲು ಕೆಲಸ ಬಿಡಬೇಕೇ ಎಂದು ಗುಂಪಿನಲ್ಲಿ ಇಬ್ಬರು ಕೇಳಿದ್ದೀರಿ. ದಯವಿಟ್ಟು ಅವಸರ ಬೇಡ. ನಮಗೆ ತರಗತಿಗಿಂತ ಒಳ್ಳೆಯ ಒರೆಗಲ್ಲು ಸಿಗುವುದಿಲ್ಲ. ಅಮೆರಿಕದ ಮಕ್ಕಳ ಲೇಖಕ ರಿಕ್ ರಿಯೋರ್ಡನ್ ಸುಮಾರು 15 ವರ್ಷ ಇಂಗ್ಲಿಷ್, ಇತಿಹಾಸ ಕಲಿಸಿದವರು. ಮಗನಿಗೆ ಮಲಗುವ ಹೊತ್ತಿನಲ್ಲಿ ಹೇಳಿದ ಕಥೆಯನ್ನು ಬರೆದು, ಹಸ್ತಪ್ರತಿಯನ್ನು ತಮ್ಮ ವಿದ್ಯಾರ್ಥಿಗಳಿಗೇ ಓದಲು ಕೊಟ್ಟರು. ಇಂಗ್ಲೆಂಡಿನ ಫಿಲಿಪ್ ಪುಲ್ಮನ್ ಶಿಕ್ಷಕರಾಗಿದ್ದಾಗ ಶಾಲೆಯ ಮಕ್ಕಳಿಗೆಂದು ಬರೆದ ನಾಟಕಗಳಿಂದಲೇ ಅವರ ಕೆಲವು ಮಕ್ಕಳ ಪುಸ್ತಕಗಳು ಹುಟ್ಟಿದವು.

ಕಳೆದ ತಿಂಗಳು ಐದನೇ ತರಗತಿಯಲ್ಲಿ ನನ್ನ ಕಥೆ ಓದುತ್ತಿದ್ದೆ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿ ಪೆನ್ಸಿಲ್ ಚೂಪು ಮಾಡತೊಡಗಿದಳು. ಅಲ್ಲಿ ನಾನು ಮಳೆಯನ್ನು ವರ್ಣಿಸುತ್ತಲೇ ಹೋಗಿದ್ದೆ. ನಾಯಿಮರಿ ಬಾವಿಗೆ ಬಿದ್ದದ್ದೇ ತಡ, ಪೆನ್ಸಿಲ್ ಕೆಳಗಿಟ್ಟು ಕತ್ತೆತ್ತಿದಳು. ಆ ಸಂಜೆಯೇ ಮಳೆಯ ಎರಡು ಪ್ಯಾರಾಗಳನ್ನು ಹೊಡೆದುಹಾಕಿದೆ. ಅವಳಿಗೆ ನಾನು ಋಣಿ.

ಪುಟ್ಟ ಮಕ್ಕಳ ಚಿತ್ರಪುಸ್ತಕ ಬರೆಯುವವರು ನೆನಪಿಡಿ, ಅದು ಸಾಮಾನ್ಯವಾಗಿ 32 ಪುಟ. ಚಿತ್ರ ಹೇಳುವುದನ್ನು ಮಾತಿನಲ್ಲಿ ಮತ್ತೆ ಹೇಳಬೇಡಿ. ಪ್ರಕಾಶಕರು ಕೊಡುವ ಒಪ್ಪಂದವನ್ನು ಓದದೆ ಸಹಿ ಹಾಕಲೇಬೇಡಿ. ಒಂದೇ ಕಂತಿನ ಹಣಕ್ಕೆ ಹಕ್ಕುಸ್ವಾಮ್ಯವನ್ನೇ ಬರೆದುಕೊಟ್ಟರೆ, ಪುಸ್ತಕ ಹತ್ತು ಮುದ್ರಣ ಕಂಡರೂ ನಿಮ್ಮ ಕೈಗೆ ಏನೂ ಬರುವುದಿಲ್ಲ. ರಾಯಲ್ಟಿ, ಅಂದರೆ ಮಾರಾಟವಾದ ಪ್ರತಿಗಳ ಮೇಲೆ ನಿಮಗೆ ಬರುವ ಪಾಲು, ಎಷ್ಟೆಂದು ಕೇಳುವುದರಲ್ಲಿ ಸಂಕೋಚವೇನಿಲ್ಲ. ಉದ್ಯೋಗದ ನಿಯಮದಂತೆ ಅನುಮತಿ ಬೇಕಿದ್ದರೆ ಅದನ್ನೂ ಮೊದಲೇ ಪಡೆಯಿರಿ.

ಭಾನುವಾರದೊಳಗೆ ಪ್ರತಿಯೊಬ್ಬರೂ ಒಂದು ಪುಟ ಕಳುಹಿಸಿ. ಮಕ್ಕಳ ಮುಂದೆ ಗಟ್ಟಿಯಾಗಿ ಓದಿದ ಮೇಲೆಯೇ ಕಳುಹಿಸಿ. ಅವರ ಗಮನ ಎಲ್ಲಿ ತಪ್ಪಿತು ಎಂಬುದನ್ನೂ ಬರೆಯಿರಿ. ಮಕ್ಕಳ ಹೆಸರು, ಫೋಟೊ ಹಾಕಬೇಡಿ.