ಹತ್ತೊಂಬತ್ತು ಮಂದಿ ಸ್ಪರ್ಧಿಗಳಿಗೆ, ಕೃತಜ್ಞತೆಯಿಂದ

ಕಳೆದ ಭಾನುವಾರ ಸಂಜೆ ನಮ್ಮ ಆಟದ ಬಳಗದ ಪಾತ್ರವರ್ಗ ರಚನಾ ಸ್ಪರ್ಧೆಯ ಫಲಿತಾಂಶ ಓದಿ ಮನೆಗೆ ಮರಳಿದ ಮೇಲೆ, ಗೆದ್ದವರನ್ನು ಅಭಿನಂದಿಸಿದೆನೇ ಹೊರತು ಯಾರಿಗೂ ಸರಿಯಾಗಿ ಧನ್ಯವಾದ ಹೇಳಲಿಲ್ಲ ಎಂಬುದು ನೆನಪಾಯಿತು. ಫಲಿತಾಂಶ ಐದು ವಾರ ತಡವಾಗಿ ಬಂತು. ಆ ತಡಕ್ಕೆ ಕಾರಣ ಮೂವರು ತೀರ್ಪುಗಾರರಲ್ಲಿ ಒಬ್ಬನಾದ ನಾನು. ಹತ್ತೊಂಬತ್ತು ಮಂದಿಯಲ್ಲಿ ಒಬ್ಬರಾದರೂ ಈ ಐದು ವಾರಗಳಲ್ಲಿ ಬೇಸರದ ಒಂದು ಮಾತಾಡಲಿಲ್ಲ. ಆ ಋಣವನ್ನು ಬರಹದಲ್ಲಾದರೂ ಒಪ್ಪಿಕೊಳ್ಳಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ಆ ದಿನಗಳಲ್ಲಿ ನನ್ನ ಕೆಲಸವನ್ನು ಹೊತ್ತ ಕಚೇರಿಯ ಗೆಳೆಯರೂ ನಮ್ಮ ಬಂಧುಗಳೂ ಇದನ್ನು ಓದುತ್ತಾರಾದ್ದರಿಂದ ಆಟದ ಬಗ್ಗೆ ನಾಲ್ಕು ಮಾತು ಹೇಳುವುದು ಅಗತ್ಯ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬುದು 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಹೊರತಂದ ಆಟ. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ತಲಾ ಒಂದು ಪಾತ್ರವಾಗಿ ಅದರೊಳಗೆ ಇಳಿಯುತ್ತಾರೆ, ಫಲ ಏನೆಂದು ತಿಳಿಯದ ಕಡೆಯಲ್ಲೆಲ್ಲ ಇಪ್ಪತ್ತು ಮುಖದ ದಾಳ ತೀರ್ಮಾನ ಕೊಡುತ್ತದೆ. ಪಾತ್ರಕ್ಕೆ ಏನು ಬರುತ್ತದೆ, ಏನು ಬರುವುದಿಲ್ಲ, ಅದು ಹೇಗೆ ಬೆಳೆಯುತ್ತದೆ ಎಂಬುದನ್ನು ಹೇಳುವುದು ಪಾತ್ರವರ್ಗ. ನಾವು ಮಾತಿನಲ್ಲಿ ಕ್ಲಾಸ್ ಎನ್ನುತ್ತೇವೆ. ಮೊದಲ ವರ್ಷ ಇದ್ದದ್ದು ಮೂರೇ: ಯೋಧ (ಫೈಟರ್), ಮಾಂತ್ರಿಕ, ದೈವಬಲದಿಂದ ಹೋರಾಡುವ ಕ್ಲೆರಿಕ್. 2014ರ ಐದನೆಯ ಆವೃತ್ತಿಯ ಆಟಗಾರರ ಕೈಪಿಡಿಯಲ್ಲಿ ಹನ್ನೆರಡು ಇವೆ. ನಮ್ಮ ಸ್ಪರ್ಧೆಯ ಷರತ್ತು ಇಷ್ಟೇ: ಆ ಆವೃತ್ತಿಯ ನಿಯಮಗಳಿಗೆ ಹೊಂದುವಂತೆ, ಪಾತ್ರ ಬಲಿಯುತ್ತ ಏರುವ ಮೆಟ್ಟಿಲುಗಳಾದ ಒಂದರಿಂದ ಇಪ್ಪತ್ತನೆಯ ಲೆವೆಲ್‌ವರೆಗೆ, ಹದಿಮೂರನೆಯದೊಂದು ಪಾತ್ರವರ್ಗವನ್ನು ನೀವೇ ಕಟ್ಟಿಕೊಡಿ.

ಮನೆಯಲ್ಲಿ ಕಟ್ಟಿದ ಪಾತ್ರವರ್ಗವನ್ನು ಎರಡನೆಯ ದರ್ಜೆಯ ಕೆಲಸವೆಂದು ನೋಡುವವರು ನಮ್ಮ ನಡುವೆಯೂ ಇದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆರ್ನೆಸನ್ ಅವರ ಮೇಜಿನಲ್ಲಿ ರಕ್ತಪಿಶಾಚಿಯ ಪಾತ್ರ ವಹಿಸಿದ್ದ ಆಟಗಾರನೊಬ್ಬ ಯಾರಿಂದಲೂ ತಡೆಯಲಾಗದಷ್ಟು ಬಲಿತಾಗ ಅವನಿಗೆ ಎದುರು ನಿಲ್ಲಲೆಂದು ಹುಟ್ಟಿದ್ದು ಕ್ಲೆರಿಕ್. ಇಂದು ಎಲ್ಲರಿಗೂ ಪರಿಚಿತವಾದ ರೇಂಜರ್ ಎಂಬ ಕಾಡಿನ ಯೋಧನ ಪಾತ್ರವರ್ಗ 1975ರಲ್ಲಿ ಜೋ ಫಿಷರ್ ಎಂಬ ಆಟಗಾರ ಬರೆದು ಕಳಿಸಿದ್ದು. ಅದು ಮೊದಲು ಪ್ರಕಾಶಕರ ಪುಟ್ಟ ಪತ್ರಿಕೆಯಲ್ಲಿ ಅಚ್ಚಾಗಿ, 1978ರ ಹೊತ್ತಿಗೆ ಕೈಪಿಡಿಯನ್ನೇ ಸೇರಿತು. ಹಾಗಾಗಿ ಹತ್ತೊಂಬತ್ತು ಹಸ್ತಪ್ರತಿಗಳ ಕಟ್ಟು ಕೈಗೆ ಬಂದಾಗ ನನಗಾದ ಹಿಗ್ಗಿನಲ್ಲಿ ಸ್ವಲ್ಪ ಭಯವೂ ಬೆರೆತಿತ್ತು. ಇವುಗಳಲ್ಲಿ ಒಂದು ರೇಂಜರ್ ಇದ್ದು, ಅದು ನನ್ನ ಕಣ್ಣಿಗೆ ಬೀಳದೆ ಹೋದರೆ?

ಅಚ್ಚಾದ ನಿಯಮಗಳನ್ನು ಯಾರ ಅಪ್ಪಣೆಗೂ ಕಾಯದೆ ಉಲ್ಲೇಖಿಸಿ ಬರೆಯಲು ಇಂದು ನಮಗೆ ಸಾಧ್ಯವಾಗಿರುವುದಕ್ಕೂ ಕೆಲವರಿಗೆ ನಮಸ್ಕಾರ ಸಲ್ಲಬೇಕು. 2000ದಲ್ಲಿ ಬಂದ ಮುಕ್ತ ಪರವಾನಗಿಯನ್ನು ಬದಲಿಸುವ ಮಾತು 2023ರ ಜನವರಿಯಲ್ಲಿ ಎದ್ದಾಗ, ಜಗತ್ತಿನ ಬೇರೆ ಬೇರೆ ಕಡೆಯ ಆಟಗಾರರೂ ಬರಹಗಾರರೂ ಒಟ್ಟಾಗಿ ವಿರೋಧಿಸಿದ್ದರಿಂದ, ಅದೇ ತಿಂಗಳ ಕೊನೆಯಲ್ಲಿ ಐದನೆಯ ಆವೃತ್ತಿಯ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಲಾಯಿತು. ನಮ್ಮ ಸ್ಪರ್ಧೆ ನಿಂತಿರುವ ನೆಲ ಅದು.

ಹಸ್ತಪ್ರತಿಗಳಲ್ಲಿ ತೀರ ಚಿಕ್ಕದು ನಾಲ್ಕು ಪುಟ, ದೊಡ್ಡದು ಮೂವತ್ತೊಂದು. ಆರು ಕನ್ನಡದಲ್ಲಿದ್ದವು. ಅವುಗಳಲ್ಲೊಂದು ದಾಳ ಉರುಳಿಸಿ ಎಂದು ಹೇಳುವಲ್ಲೆಲ್ಲ ‘ಗರ ಹಾಕಿ’ ಎಂದು ಬರೆದಿತ್ತು. ಚೌಕಾಬಾರದ ಮಣೆಯ ಮುಂದೆ ಅಜ್ಜಿಯ ಎದುರು ಕುಳಿತು ಬೆಳೆದ ನನಗೆ, ಇಷ್ಟು ವರ್ಷ ನಾವು ಆಡುತ್ತಿರುವ ಈ ಆಟಕ್ಕೆ ಆ ಪದ ಎಷ್ಟು ಸಲೀಸಾಗಿ ಒಗ್ಗುತ್ತದೆಂದು ಕಂಡು ಬಹಳ ಸಂತೋಷವಾಯಿತು. ತಪ್ಪುಗಳೂ ಇದ್ದವು. ಹೆಚ್ಚಿನವರು ಮೊದಲ ಎರಡು ಲೆವೆಲ್‌ಗಳಲ್ಲೇ ಇದ್ದಬದ್ದ ಶಕ್ತಿಯನ್ನೆಲ್ಲ ಸುರಿದಿದ್ದರು. ಹಾಗೆ ಮಾಡಿದರೆ ಬೇರೆ ವರ್ಗದ ಆಟಗಾರ ಇಲ್ಲಿ ಎರಡೇ ಲೆವೆಲ್ ತೆಗೆದುಕೊಂಡು, ಕೆನೆ ತಿಂದು, ತನ್ನ ದಾರಿ ಹಿಡಿಯುತ್ತಾನೆ. ಕೆಲವರು ಹನ್ನೊಂದನೆಯ ಲೆವೆಲ್ ದಾಟಿದ ಮೇಲೆ ದಣಿದಿದ್ದರು. ಆ ದಣಿವು ನನಗೆ ಅರ್ಥವಾಗುತ್ತದೆ, ಏಕೆಂದರೆ ನಾನೂ ಹಿಂದೆ ಎರಡು ಪಾತ್ರವರ್ಗಗಳನ್ನು ಅರ್ಧಕ್ಕೆ ಬಿಟ್ಟವನು. ಇಪ್ಪತ್ತನ್ನೂ ಬರೆದು ಮುಗಿಸಿದ ಎಲ್ಲರ ಮೇಲೂ ನನಗೆ ಗೌರವವಿದೆ.

ಓದಲು ತೊಡಗಿದ ನಾಲ್ಕನೆಯ ದಿನ ಊರಿನಿಂದ ಫೋನ್ ಬಂತು. ಅಪ್ಪನಿಗೆ ಸ್ಟ್ರೋಕ್ ಆಗಿತ್ತು. ಮುಂದಿನ ವಾರಗಳು ಬೆಂಗಳೂರು ಮತ್ತು ಶಿವಮೊಗ್ಗದ ನಡುವಿನ ರಾತ್ರಿ ಬಸ್ಸುಗಳಲ್ಲಿ, ಆಸ್ಪತ್ರೆಯ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕಳೆದವು. ಸ್ಪರ್ಧೆಯಿಂದ ಹಿಂದೆ ಸರಿಯುತ್ತೇನೆಂದು ನನ್ನ ಜೊತೆಯ ತೀರ್ಪುಗಾರರಿಬ್ಬರಿಗೆ ತಿಳಿಸಿದೆ. ಅವರಲ್ಲಿ ಹಿರಿಯರು ಕಾಲೇಜಿನಲ್ಲಿ ಪಾಠ ಹೇಳುವವರು, ನಮಗೆಲ್ಲ ಮೇಡಂ. ಅವರು ಹೇಳಿದ್ದು ಎರಡೇ ಮಾತು: “ನೀವು ಅಪ್ಪನ್ನ ನೋಡ್ಕೊಳ್ಳಿ ಸಾರ್. ಹಾಳೆಗಳು ಎಲ್ಲಿಗೂ ಓಡಿ ಹೋಗಲ್ಲ.” ಮೂರು ಜನ ಓದುತ್ತೇವೆಂದು ಸ್ಪರ್ಧಿಗಳಿಗೆ ಮಾತು ಕೊಟ್ಟಿದ್ದೇವೆ, ಇಬ್ಬರೇ ಓದಿ ಮುಗಿಸುವುದು ನ್ಯಾಯವಲ್ಲ ಎಂದು ವಾದಿಸಿ, ಎಲ್ಲ ಸ್ಪರ್ಧಿಗಳಿಗೂ ತಾವೇ ಪತ್ರ ಬರೆದು ಕಾಯಲು ಕೇಳಿಕೊಂಡರು. ಕಿರಿಯ ತೀರ್ಪುಗಾರ ಹತ್ತೊಂಬತ್ತನ್ನೂ ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ಬೈಂಡ್ ಮಾಡಿಸಿ, ಮೆಜೆಸ್ಟಿಕ್‌ನ ಬಸ್ ನಿಲ್ದಾಣಕ್ಕೇ ತಂದುಕೊಟ್ಟ. ಮೊಬೈಲಿನಲ್ಲಿ ಓದಲಾಗದಷ್ಟು ನನ್ನ ಕಣ್ಣು ಸೋತಿದೆಯೆಂದು ನಾನು ಅವನಿಗೆ ಹೇಳಿರಲೇ ಇಲ್ಲ.

ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಅಪ್ಪ ಎಷ್ಟೋ ವರ್ಷ ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನಕ್ಕೆ ಹೋದವರು. ಮಾತು ತೊದಲುತ್ತಿದ್ದರೂ ನನ್ನ ಕೈಯಲ್ಲಿ ಕೆಂಪು ಪೆನ್ನು ಕಂಡ ದಿನ “ಯಾವ ಪೇಪರ್ರೋ?” ಎಂದು ಕೇಳಿದರು. ಆಟದ ಸ್ಪರ್ಧೆಯೆಂದು ವಿವರಿಸಿದೆ. ಸ್ವಲ್ಪ ಹೊತ್ತು ಬಿಟ್ಟು, ಒಂದೊಂದೇ ಪದವಾಗಿ, “ಸೊನ್ನೆ ಹಾಕೋ ಮುಂಚೆ ಹಾಳೆ ತಿರುಗಿಸಿ ನೋಡು. ಹಿಂದೆ ಬರೆದಿರ್ತಾನೆ” ಎಂದರು. ಬಹುಶಃ ಸ್ಟ್ರೋಕ್ ಆದ ಮೇಲೆ ಅವರು ಆಡಿದ ಮೊದಲ ಪೂರ್ಣ ವಾಕ್ಯಗಳು ಅವು. ಆ ಹೊತ್ತಿನಲ್ಲಿ ನನಗೆ ಮುಖ್ಯವಾದದ್ದು ಅವರು ಮಾತಾಡಿದರೆಂಬುದಷ್ಟೇ. ಹೇಳಿದ್ದೇನೆಂಬುದು ಮನಸ್ಸಿಗೆ ತಟ್ಟಲು ಇನ್ನೂ ಎರಡು ವಾರ ಹಿಡಿಯಿತು.

ನನ್ನ ಪಾಲಿಗೆ ಬಂದದ್ದು ಮುಖ್ಯವಾಗಿ ಸಮತೋಲದ ಲೆಕ್ಕ, ಅಂದರೆ ಹೊಸ ಪಾತ್ರ ಹಳೆಯ ಹನ್ನೆರಡರ ಪಕ್ಕದಲ್ಲಿ ನಿಂತಾಗ ಅತಿಯೂ ಆಗದೆ ಸೊರಗದೆಯೂ ಇದೆಯೇ ಎಂದು ಅಳೆಯುವುದು. ಅಳತೆಗೋಲು ಹೀಗಿತ್ತು: ಐದನೆಯ ಲೆವೆಲ್‌ನ ಫೈಟರ್ ಇಪ್ಪತ್ತರ ದಾಳಕ್ಕೆ 7 ಕೂಡಿಸಿಕೊಳ್ಳುತ್ತಾನೆ, ಎದುರಾಳಿಯ ರಕ್ಷಾಕವಚ 15 ಎಂದಿಟ್ಟುಕೊಂಡರೆ 8 ಅಥವಾ ಹೆಚ್ಚು ಬಿದ್ದಾಗ ಏಟು ತಗಲುತ್ತದೆ, ಅಂದರೆ ಇಪ್ಪತ್ತರಲ್ಲಿ ಹದಿಮೂರು ಸಲ, ಶೇಕಡ 65. ಎರಡು ಕೈಯಲ್ಲಿ ಹಿಡಿಯುವ ದೊಡ್ಡ ಕತ್ತಿಯ ಒಂದೊಂದು ಏಟಿಗೆ ಸರಾಸರಿ 11 ಪಾಯಿಂಟ್ ಹಾನಿ, ಒಂದು ಸುತ್ತಿನಲ್ಲಿ ಎರಡು ಏಟು. ಎಲ್ಲ ಸೇರಿ ಒಂದು ಸುತ್ತಿನಲ್ಲಿ ಸುಮಾರು 14.3. ಹತ್ತೊಂಬತ್ತು ಪಾತ್ರವರ್ಗಗಳಿಗೂ ಇದೇ ಲೆಕ್ಕ ಮಾಡಿ ಒಂದು ಪಟ್ಟಿ ಬರೆದೆ. ಅದರಲ್ಲಿ ಕಟ್ಟಕಡೆಗೆ ಬಂದದ್ದು ‘ದೀವಟಿಗೆಯವ’.

ಇದನ್ನು ಬರೆದವರು ಕರಾವಳಿಯವರು. ಯಕ್ಷಗಾನಕ್ಕೆ ಆಟ ಎಂದೇ ಹೆಸರಿರುವ ಆ ಸೀಮೆಯಲ್ಲಿ ದೊಂದಿಯ ಬೆಳಕಿನಲ್ಲಿ ಆಟ ನಡೆಯುತ್ತಿದ್ದ ಕಾಲಕ್ಕೆ ತಮ್ಮ ಅಜ್ಜ ಬೆಳಕು ಹಿಡಿಯುತ್ತಿದ್ದರು, ಎಲ್ಲರನ್ನೂ ಕಾಣಿಸಿ ತಾನು ಕತ್ತಲೆಯಲ್ಲಿ ನಿಲ್ಲುವ ಆ ಮನುಷ್ಯನಿಗೊಂದು ಪಾತ್ರವರ್ಗ ಕಟ್ಟಬೇಕೆನಿಸಿತು ಎಂದು ಮುನ್ನುಡಿಯಲ್ಲಿ ಬರೆದಿದ್ದರು. ಈ ಪಾತ್ರ ಒಂದು ಕೈಯಲ್ಲಿ ಸದಾ ಪಂಜು ಹಿಡಿದಿರಬೇಕು. ಇನ್ನೊಂದು ಕೈಯಲ್ಲಿ ಕತ್ತಿ, ಒಂದು ಸುತ್ತಿನಲ್ಲಿ ಅದರಿಂದ ಒಂದೇ ಏಟು. ಜೊತೆಗೆ ಬೋನಸ್ ಆಕ್ಷನ್, ಅಂದರೆ ಸರದಿಯಲ್ಲಿ ಸಿಗುವ ಹೆಚ್ಚುವರಿ ಚಿಕ್ಕ ಕ್ರಿಯೆ, ಬಳಸಿ ಪಂಜಿನಿಂದಲೂ ತಿವಿಯಬಹುದು. ಮೂಲ ನಿಯಮದ ಪ್ರಕಾರ ಉರಿಯುವ ಪಂಜಿನ ಪೆಟ್ಟಿಗೆ ಬೆಂಕಿಯ ಹಾನಿ ಕೇವಲ 1 ಪಾಯಿಂಟ್. ತನ್ನ ಬೆಳಕಿನ ಇಪ್ಪತ್ತು ಅಡಿಯೊಳಗಿನ ಜೊತೆಗಾರನ ಮೇಲೆ ಬೀಳುವ ಏಟನ್ನು, ಒಂದು ಅಳತೆ ಎಣ್ಣೆ ಖರ್ಚು ಮಾಡಿ, ತಾನು ಹೊರಬಹುದು. ಕತ್ತಿಯ ಎಂಟೂವರೆಗೆ ಬೆಂಕಿಯ ಒಂದನ್ನು ಸೇರಿಸಿ ಶೇಕಡ 65ರಿಂದ ಗುಣಿಸಿದಾಗ ನನ್ನ ಪಟ್ಟಿಯಲ್ಲಿ ಬಂದದ್ದು 6.2. ಫೈಟರ್‌ನ ಅರ್ಧವೂ ಇಲ್ಲ. ಸಮತೋಲಕ್ಕೆ ಹತ್ತರಲ್ಲಿ ಮೂರು ಅಂಕ ಹಾಕಿ ಪುಟ ಮುಚ್ಚಿದೆ.

ಮೇಡಂ ಒಪ್ಪಲಿಲ್ಲ. ವಾದಿಸಲೂ ಇಲ್ಲ. ನಾನು ಬೆಂಗಳೂರಿಗೆ ಬಂದಿದ್ದ ಒಂದು ಶನಿವಾರ ರಾತ್ರಿ ಅದನ್ನು ಆಡಿ ನೋಡೋಣ ಎಂದಷ್ಟೇ ಕೇಳಿದರು. ಅವರೇ ಫೈಟರ್, ನಾನು ದೀವಟಿಗೆಯವ, ಬಳಗದ ಇನ್ನಿಬ್ಬರು ರೋಗ್ (ಕಳ್ಳಚಳಕದ ಪಾತ್ರ) ಮತ್ತು ಕ್ಲೆರಿಕ್. ಕಥೆ ನಡೆಸಿದ್ದು ಕಿರಿಯ ತೀರ್ಪುಗಾರ. ಒಂದು ಸೇತುವೆಯ ಕೆಳಗೆ ಎರಡು ಟ್ರೋಲ್‌ಗಳು ಎದುರಾದವು. ಟ್ರೋಲ್ ಎಂಬ ರಾಕ್ಷಸನಿಗೆ 84 ಪಾಯಿಂಟ್ ಜೀವ, ಕವಚ ಸರಿಯಾಗಿ 15, ಮೇಲಾಗಿ ಪ್ರತಿ ಸರದಿಯ ಆರಂಭದಲ್ಲಿ 10 ಪಾಯಿಂಟ್ ಗಾಯ ತಾನಾಗಿ ಮಾಯುತ್ತದೆ. ಅದು ತಪ್ಪಬೇಕಾದರೆ ಬೆಂಕಿ ಅಥವಾ ಆಸಿಡ್ ತಗಲಬೇಕು. ಅಂದರೆ ನನ್ನ ಪಟ್ಟಿಯ ಮೇಲ್ಭಾಗದಲ್ಲಿ ಕುಳಿತಿದ್ದ 14.3ರಲ್ಲಿ 10ನ್ನು ಅದು ಪ್ರತಿ ಸುತ್ತಿನಲ್ಲೂ ಹಿಂದಕ್ಕೆ ಪಡೆಯುತ್ತಿತ್ತು. ಕ್ಲೆರಿಕ್‌ನ ಸೇಕ್ರೆಡ್ ಫ್ಲೇಮ್ ಮಂತ್ರದ ಹೆಸರಿನಲ್ಲಿ ಜ್ವಾಲೆಯಿದ್ದರೂ ಅದರ ಹಾನಿ ಬೆಂಕಿಯದಲ್ಲ, ದಿವ್ಯ ಪ್ರಭೆಯದು. ಟ್ರೋಲ್‌ನ ಗಾಯ ಮಾಯುವುದನ್ನು ಅದು ತಡೆಯದು. ದೊಡ್ಡ ಕತ್ತಿಗೆ ಎರಡೂ ಕೈ ಬೇಕಾದ್ದರಿಂದ ಫೈಟರ್ ಪಂಜು ಹಿಡಿಯುವಂತಿರಲಿಲ್ಲ. ನಾನು ಹಳೆಯ ಚಾಳಿಯಂತೆ ಕತ್ತಿ ಬೀಸುತ್ತ ಮುಂದೆ ನುಗ್ಗಿದ್ದೆ. ಮೂರನೆಯ ಸುತ್ತಿನಲ್ಲಿ ಮೊದಲ ಟ್ರೋಲ್ ಸೊನ್ನೆಗೆ ಇಳಿದು ಬಿತ್ತು, ತನ್ನ ಸರದಿ ಬಂದಾಗ 10 ಪಾಯಿಂಟ್ ಪಡೆದು ಎದ್ದು ನಿಂತಿತು. ಮೇಡಂ ಮತ್ತೆ ಹೊಡೆದು ಕೆಡವಿ ನನ್ನ ಮುಖ ನೋಡಿದರು. ಪಂಜು ಚಾಚಿ ದಾಳ ಉರುಳಿಸಿದೆ. ಹನ್ನೆರಡು ಬಿತ್ತು. ಒಂದು ಪಾಯಿಂಟ್ ಬೆಂಕಿ. ಟ್ರೋಲ್ ಮತ್ತೆ ಏಳಲಿಲ್ಲ.

ನನ್ನ ಪಟ್ಟಿಯಲ್ಲಿ ಆ ಒಂದು ಪಾಯಿಂಟ್ ಒಂದೇ ಆಗಿತ್ತು, ಮೇಜಿನ ಮೇಲೆ ಅದು ಹನ್ನೊಂದಾಯಿತು. ಎರಡನೆಯ ಟ್ರೋಲ್‌ನ ಉಗುರು ಕ್ಲೆರಿಕ್‌ನ ಮೇಲೆ ಎರಗಿದಾಗ ಎಣ್ಣೆ ಸುರಿದು ಆ ಏಟನ್ನು ನಾನು ಹೊತ್ತೆ. ಅದಕ್ಕಂತೂ ನನ್ನ ಪಟ್ಟಿಯಲ್ಲಿ ಕಾಲಮ್ಮೇ ಇರಲಿಲ್ಲ. ಎಲ್ಲ ರಾಕ್ಷಸರೂ ಟ್ರೋಲ್‌ಗಳಲ್ಲ, ಒಂದು ಕಾಳಗದಿಂದ ಒಂದು ಪಾತ್ರವರ್ಗದ ಬೆಲೆ ಕಟ್ಟಲಾಗದು ಎಂಬುದು ನಿಜ. ಆದರೆ ಆ ರಾತ್ರಿ ಮನೆಗೆ ಬಂದು ಹಸ್ತಪ್ರತಿ ತೆರೆದಾಗ ನಾನು ಓದದೆ ಬಿಟ್ಟಿದ್ದ ಕೊನೆಯ ಎರಡು ಪುಟಗಳು ಸಿಕ್ಕವು. ಯಾವ ಬಗೆಯ ಕಾಳಗದಲ್ಲಿ ಈ ಪಾತ್ರ ಸೋಲುತ್ತದೆ, ಯಾವುದರಲ್ಲಿ ಎದ್ದು ಕಾಣುತ್ತದೆ ಎಂದು ಬರೆದವರೇ ವಿವರವಾಗಿ ಹೇಳಿದ್ದರು. ಟ್ರೋಲ್‌ನ ಹೆಸರೂ ಅಲ್ಲಿತ್ತು. ಅಪ್ಪ ಹೇಳಿದ ಮಾತು ಆಗ ಕಿವಿಯಲ್ಲಿ ಕೇಳಿದಂತಾಯಿತು.

ಒಂದನ್ನು ಹಾಗೆ ಓದಿದ್ದರೆ ಉಳಿದ ಹದಿನೆಂಟನ್ನೂ ಹಾಗೇ ಓದಿರಬೇಕೆಂಬ ಅನುಮಾನ ಬಂದು, ಎಲ್ಲವನ್ನೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಮತ್ತೆ ಓದಿದೆ. ಫಲಿತಾಂಶದ ಕೊನೆಯ ಎರಡು ವಾರಗಳ ವಿಳಂಬ ಆಸ್ಪತ್ರೆಯಿಂದ ಆದದ್ದಲ್ಲ, ಇದರಿಂದ ಆದದ್ದು. ಏಳು ಹಸ್ತಪ್ರತಿಗಳ ಅಂಕ ಬದಲಾಯಿತು: ಐದರದು ಏರಿತು, ಎರಡರದು ಇಳಿಯಿತು. ಇಳಿದ ಇಬ್ಬರಿಗೂ ಕಾರಣ ಬರೆದು ತಿಳಿಸಿದ್ದೇನೆ. ಇಬ್ಬರೂ ಪ್ರೀತಿಯಿಂದ ಉತ್ತರಿಸಿದ್ದಾರೆ. ದೀವಟಿಗೆಯವನಿಗೆ ಸಮತೋಲದಲ್ಲಿ ಏಳು ಅಂಕ ಬಂದು ಒಟ್ಟಿನಲ್ಲಿ ಮೂರನೆಯ ಸ್ಥಾನ ದೊರೆಯಿತು. ಹದಿಮೂರು ಮತ್ತು ಹದಿನಾಲ್ಕನೆಯ ಲೆವೆಲ್ ಬರಿದಾಗಿದ್ದವು, ಇಲ್ಲದಿದ್ದರೆ ಇನ್ನೂ ಮೇಲೇರುತ್ತಿತ್ತು. ಮೊದಲ ಬಹುಮಾನ ಪಡೆದ ‘ನಕ್ಷೆಗಾರ’ನ ಬಗ್ಗೆ ನಮ್ಮ ಮೂವರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಮೇಡಂ, ನೀವು ನನ್ನ ತಪ್ಪನ್ನು ಬಾಯಲ್ಲಿ ಹೇಳದೆ ದಾಳ ಕೈಗಿತ್ತು ತೋರಿಸಿದಿರಿ. ನಾಲ್ಕು ಜನರ ಮುಂದೆ ನನಗೆ ಮುಜುಗರವಾಗದಂತೆ ನೋಡಿಕೊಂಡ ಆ ದೊಡ್ಡತನವನ್ನು ನಾನು ಮರೆಯುವುದಿಲ್ಲ. ಕಿರಿಯ ಗೆಳೆಯನೇ, ಮೆಜೆಸ್ಟಿಕ್‌ನಲ್ಲಿ ಹಸ್ತಪ್ರತಿಗಳ ಚೀಲದ ಜೊತೆ ನೀನು ಕೊಟ್ಟ ಚಿತ್ರಾನ್ನದ ಪೊಟ್ಟಣಕ್ಕೂ ಧನ್ಯವಾದ. ಆ ದಿನ ಬೆಳಗಿನಿಂದ ನಾನು ಏನೂ ತಿಂದಿರಲಿಲ್ಲ. ಪ್ರತಿ ಭಾನುವಾರ ಜಯನಗರದ ತಮ್ಮ ಮನೆಯ ಮಹಡಿಯನ್ನು ನಮಗೆ ಬಿಟ್ಟುಕೊಡುವ ದಂಪತಿಗೆ, ಕಚೇರಿಯಲ್ಲಿ ನನ್ನ ಪಾಲಿನ ಕೆಲಸವನ್ನು ಸದ್ದಿಲ್ಲದೆ ಮುಗಿಸಿದ ಇಬ್ಬರು ಗೆಳೆಯರಿಗೆ, ವಾರ್ಡಿನಲ್ಲಿ ರಾತ್ರಿ ಪಾಳಿಯ ದೀಪವನ್ನು ನನ್ನ ಬೆಂಚಿನ ಕಡೆ ಹೊರಳಿಸಿ ಇಟ್ಟ ಸಿಸ್ಟರ್‌ಗೆ ನನ್ನ ನಮಸ್ಕಾರಗಳು. ಹತ್ತೊಂಬತ್ತು ಮಂದಿ ಸ್ಪರ್ಧಿಗಳೇ, ತಿಂಗಳುಗಟ್ಟಲೆ ಕೂಡಿಸಿ ಕಳೆದು ಕಟ್ಟಿದ್ದನ್ನು ಅಪರಿಚಿತನೊಬ್ಬನ ಕೆಂಪು ಪೆನ್ನಿನ ಮುಂದೆ ಇಟ್ಟಿರಿ, ಅವನು ತಡಮಾಡಿದಾಗ ಕಾದಿರಿ, ಅಪ್ಪ ಹೇಗಿದ್ದಾರೆಂದು ಕೇಳಿ ಬರೆದಿರಿ. ಒಬ್ಬರಂತೂ ತಮ್ಮ ಪಾತ್ರವರ್ಗದ ವಿಷಯ ಒಂದಕ್ಷರವೂ ಎತ್ತದೆ, ಸ್ಟ್ರೋಕ್ ಆದವರಿಗೆ ಮಾತಿನ ಅಭ್ಯಾಸ ಮಾಡಿಸುವ ಬಗೆಯನ್ನು ತಮ್ಮ ಅಮ್ಮನ ಅನುಭವದಿಂದ ಎರಡು ಪುಟ ಬರೆದು ಕಳಿಸಿದ್ದರು. ಅದನ್ನು ಇಂದಿಗೂ ದಿನಾ ಬೆಳಿಗ್ಗೆ ಮಾಡಿಸುತ್ತಿದ್ದೇವೆ.

ಅಪ್ಪ ಈಗ ಮನೆಯಲ್ಲಿದ್ದಾರೆ. ಬಲಗೈ ಬೆರಳುಗಳಿಗೆ ಹುಣಸೆ ಬೀಜ ಹೆಕ್ಕುವ ವ್ಯಾಯಾಮ ಹೇಳಿದ್ದಾರೆ. ಅದರ ಜೊತೆ ನನ್ನ ಇಪ್ಪತ್ತು ಮುಖದ ದಾಳವೊಂದನ್ನೂ ತಟ್ಟೆಯಲ್ಲಿ ಇಟ್ಟಿದ್ದೇನೆ. ಅದನ್ನು ಎತ್ತಿ, ಉರುಳಿಸಿ, ಬಿದ್ದ ಅಂಕಿಯನ್ನು ಗಟ್ಟಿಯಾಗಿ ಓದುತ್ತಾರೆ. ಸ್ಪರ್ಧಿಗಳೆಲ್ಲರಿಗೂ ಪುಟದ ಅಂಚಿನ ನನ್ನ ಟಿಪ್ಪಣಿಗಳೊಂದಿಗೆ ಹಸ್ತಪ್ರತಿಗಳನ್ನು ಹಿಂದಿರುಗಿಸುತ್ತಿದ್ದೇನೆ. ಇನ್ನು ನಾಲ್ಕು ಉಳಿದಿವೆ, ಬರುವ ಭಾನುವಾರದೊಳಗೆ ಅವೂ ತಲುಪುತ್ತವೆ. ದೀವಟಿಗೆಯವನನ್ನು ಬರೆದವರು ಹದಿಮೂರು ಮತ್ತು ಹದಿನಾಲ್ಕನೆಯ ಲೆವೆಲ್‌ಗಳನ್ನು ಹೊಸದಾಗಿ ಬರೆದು ನಿನ್ನೆ ಕಳಿಸಿದ್ದಾರೆ. ಇದನ್ನು ಮುಗಿಸಿದ ಕೂಡಲೇ ಅದನ್ನು ಓದಲು ಕೂರುತ್ತೇನೆ.